ಎಲ್ಲೆಗಳ ಪಲ್ಲಟವೂ ತುಳುನಾಡಿನ ಜೈನ ದಾಖಲೆಗಳೂ

ರಾಜ್ಯದ ಎಲ್ಲೆಗಳು ಬದಲಾದಾಗ ಅವುಗಳ ಒಳಗೆ ಬಾಳುವ ಜನರ ಕಟ್ಟಳೆ, ಗುರುಪರಂಪರೆ, ಗ್ರಂಥಭಂಡಾರಗಳೂ ಅದೇ ಪ್ರಮಾಣದಲ್ಲಿ ಬದಲಾಗುತ್ತವೆಯೇ ಎಂಬುದು ಇತಿಹಾಸದ ಅಭ್ಯಾಸಿಗಳ ಮುಂದಿರುವ ಹಳೆಯ ಪ್ರಶ್ನೆ. ಕಾರ್ಕಳ, ಕಾಪು, ಉಡುಪಿ ಪರಿಸರದ ಜೈನ ಶಾಸನಗಳೂ ಓಲೆಗರಿಯ ಗ್ರಂಥಗಳೂ ಈ ಪ್ರಶ್ನೆಗೆ ಕೊಡುವ ಉತ್ತರ ಗಮನಾರ್ಹವಾದುದು. ಕಳೆದ ಆರು ಶತಮಾನಗಳಲ್ಲಿ ಈ ನೆಲ ವಿಜಯನಗರದ ಬಾರಕೂರು ಮತ್ತು ಮಂಗಳೂರು ರಾಜ್ಯಗಳಿಗೂ, ಕೆಳದಿಯ ನಾಯಕರಿಗೂ, ಹೈದರ್ ಮತ್ತು ಟಿಪ್ಪು ಸುಲ್ತಾನರಿಗೂ, ಈಸ್ಟ್ ಇಂಡಿಯಾ ಕಂಪೆನಿಗೂ, ಮದ್ರಾಸು ಪ್ರಾಂತಕ್ಕೂ, ಕೊನೆಗೆ ಏಕೀಕೃತ ಮೈಸೂರು ರಾಜ್ಯಕ್ಕೂ ಸೇರುತ್ತ ಬಂದಿದೆ. ಆದರೆ ಇಲ್ಲಿಯ ಜೈನರು ತಮ್ಮನ್ನು ತಾವು ಬರೆದುಕೊಂಡ ದಾಖಲೆಗಳಲ್ಲಿ ಈ ಎಲ್ಲೆಗಳಿಗಿಂತ ಹೆಚ್ಚಾಗಿ ಕಾಣಿಸುವುದು ಮೂಲಸ್ಥಾನ, ಗುರು ಮತ್ತು ತೀರ್ಥ ಎಂಬ ಮೂರು ಗುರುತುಗಳು. ಆಡಳಿತದ ಎಲ್ಲೆಯನ್ನೂ ಧರ್ಮದ ಎಲ್ಲೆಯನ್ನೂ ಬೇರೆ ಬೇರೆಯಾಗಿ ಗುರುತಿಸದೆ ಹೋದರೆ ಹಸ್ತಪ್ರತಿಗಳ ಅಧ್ಯಯನದಲ್ಲಿ ಎಂತಹ ತೊಡಕುಗಳು ಹುಟ್ಟುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಘಟ್ಟದ ಮೇಲೂ ಕೆಳಗೂ

ಕಳಸ-ಕಾರ್ಕಳ ರಾಜ್ಯವೆಂಬ ಹೆಸರೇ ಎರಡು ಭೂಭಾಗಗಳನ್ನು ಒಂದುಗೂಡಿಸುವ ಹೆಸರು. ಕಳಸ ಸಹ್ಯಾದ್ರಿಯ ಮೇಲೆ, ಭದ್ರಾ ನದಿಯ ಸಮೀಪದಲ್ಲಿದೆ. ಕಾರ್ಕಳ ಘಟ್ಟದ ಕೆಳಗೆ ತುಳುನಾಡಿನಲ್ಲಿದೆ. ಇವೆರಡನ್ನೂ ಆಳಿದ ಭೈರರಸ ಒಡೆಯರು ಹೊಂಬುಚ್ಚದ ಸಾಂತರರ ಪರಂಪರೆಗೆ ಸೇರಿದವರು. ಹೊಂಬುಚ್ಚದಲ್ಲಿ ರಾಜ್ಯ ಕಟ್ಟಿದನೆಂದು ಹೇಳಲಾಗುವ ಜಿನದತ್ತರಾಯನನ್ನು ಅವರು ತಮ್ಮ ಮೂಲಪುರುಷನೆಂದು ಸ್ಮರಿಸುತ್ತಾರೆ. ಘಟ್ಟವು ಇಂದಿನ ನಕ್ಷೆಯಲ್ಲಿ ಜಿಲ್ಲೆಗಳನ್ನು ಬೇರ್ಪಡಿಸುವ ಗೆರೆಯಾಗಿ ತೋರುತ್ತದೆ. ಆ ಅರಸರ ಪಾಲಿಗಾದರೋ ಅದು ರಾಜ್ಯದ ನಡುಭಾಗವಾಗಿತ್ತು. ಭತ್ತ, ಅಡಕೆ, ಮೆಣಸುಗಳು ಇಳಿಯುವ, ಉಪ್ಪು ಏರುವ ದಾರಿಗಳೆಲ್ಲ ಅದರ ಮೂಲಕವೇ ಸಾಗುತ್ತಿದ್ದವು.

ಈ ಮನೆತನದ ಆಳ್ವಿಕೆ ಘಟ್ಟದ ಎರಡೂ ಮಗ್ಗುಲಲ್ಲಿ ಹೇಗೆ ಹಬ್ಬಿತ್ತೆಂಬುದಕ್ಕೆ ಕ್ರಿ.ಶ. ೧೫೩೦ರ ಒಂದು ಶಾಸನ ಉತ್ತಮ ನಿದರ್ಶನ. ವೀರಭೈರರಸ ಒಡೆಯನ ತಂಗಿ ಕಾಳಲದೇವಿ ಆಗ ಬಗುಂಜಿ ಸೀಮೆಯನ್ನು ಆಳುತ್ತಿದ್ದಳು. ಈ ಸೀಮೆ ಇಂದಿನ ಕೊಪ್ಪ ತಾಲ್ಲೂಕಿನ ಭಾಗ. ತೀರಿಕೊಂಡ ತನ್ನ ಮಗಳು ರಾಮಾದೇವಿಯ ಪುಣ್ಯಾರ್ಥವಾಗಿ ಅವಳು ಕಲ್ಲಬಸ್ತಿಯ ಪಾರ್ಶ್ವತೀರ್ಥಂಕರರಿಗೆ ದಾನ ನೀಡಿದಳು. ಅಣ್ಣ ರಾಜ್ಯವಾಳುತ್ತಿರುವಾಗ ತಂಗಿ ಘಟ್ಟದ ಮೇಲಣ ಸೀಮೆಯೊಂದರ ಒಡತಿಯಾಗಿದ್ದುದನ್ನು ನೋಡಿದರೆ, ಅಂದಿನ ರಾಜ್ಯದ ಎಲ್ಲೆ ಕುಟುಂಬದ ಸಂಬಂಧಗಳ ಮೇಲೆ ಎಷ್ಟರಮಟ್ಟಿಗೆ ನಿಂತಿತ್ತೆಂಬುದು ವಿದಿತವಾಗುತ್ತದೆ.

ಕಾರ್ಕಳದ ಗೊಮ್ಮಟ ಬೆಟ್ಟದ ಶಾಸನಗಳು ಮತ್ತೊಂದು ಬಗೆಯ ಸಾಕ್ಷ್ಯವನ್ನು ಒದಗಿಸುತ್ತವೆ. ಶಕ ೧೩೫೩ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ ಬುಧವಾರ, ಎಂದರೆ ಕ್ರಿ.ಶ. ೧೪೩೨ನೆಯ ಫೆಬ್ರವರಿ ೧೩ರಂದು, ಭೈರವೇಂದ್ರನ ಮಗ ವೀರಪಾಂಡ್ಯನು ಇಲ್ಲಿ ಬಾಹುಬಲಿಯ ಏಕಶಿಲಾಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಈ ಕಾರ್ಯಕ್ಕೆ ಪ್ರೇರಕರಾದ ಲಲಿತಕೀರ್ತಿ ಮುನಿಗಳನ್ನು ಶಾಸನವು ದೇಶೀಗಣಕ್ಕೂ ಪನಸೋಗೆಯ ಪರಂಪರೆಗೂ ಸೇರಿದವರೆಂದು ವರ್ಣಿಸುತ್ತದೆ. ಪನಸೋಗೆಯೆಂದರೆ ಕಾವೇರಿ ಪ್ರದೇಶದ ಹನಸೋಗೆ. ಮೈಸೂರು ಜಿಲ್ಲೆಯ ಚಿಕ್ಕಹನಸೋಗೆಯಲ್ಲಿ ತ್ರಿಕೂಟ ಬಸದಿಯೊಂದು ಇಂದಿಗೂ ಇದೆ. ಪಡುಗಡಲಿನ ತೀರದ ಅರಸನ ಗುರುಗಳು ಕಾವೇರಿ ನಾಡಿನ ಊರೊಂದರ ಹೆಸರಿನಿಂದ ಗುರುತಿಸಿಕೊಂಡರು. ಆ ಹೆಸರು ಕರಾವಳಿಯಲ್ಲಿ ಶತಮಾನಗಳ ಕಾಲ ಉಳಿಯಿತು. ಕಾರ್ಕಳದ ಜೈನ ಮಠದ ಪೀಠಾಧಿಪತಿಗಳಿಗೆ ಲಲಿತಕೀರ್ತಿ ಎಂಬ ಅಭಿಧಾನ ಈಗಲೂ ನಡೆದುಬಂದಿದೆ.

ವೀರಪಾಂಡ್ಯನ ಮೂರ್ತಿಪ್ರತಿಷ್ಠೆಯಾಗಿ ಒಂದೂವರೆ ಶತಮಾನದ ಮೇಲೆ, ಶಕ ೧೫೦೮ರಲ್ಲಿ (ಕ್ರಿ.ಶ. ೧೫೮೬), ಇಮ್ಮಡಿ ಭೈರರಸನು ಗೊಮ್ಮಟನ ಎದುರಿನ ಕಿರುಬೆಟ್ಟದ ಮೇಲೆ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಅದರ ಶಾಸನದಲ್ಲಿ ಬಸದಿಗೆ ತ್ರಿಭುವನತಿಲಕ ಜಿನಚೈತ್ಯಾಲಯವೆಂಬ ಹೆಸರಿದೆ. ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು ನಾಲ್ಕು ದಿಕ್ಕಿಗೂ ಕಾಣುವಂತೆ ಇಲ್ಲಿ ಸ್ಥಾಪಿತವಾಗಿವೆ. ಈ ಶಾಸನದಲ್ಲಿ ಅರಸನು ಪಟ್ಟಿಪೊಂಬುಚ್ಚಪುರದ ಒಡೆಯನೆಂಬ ಬಿರುದನ್ನು ಧರಿಸಿರುವುದು ವಿಚಾರಾರ್ಹ. ಹೊಂಬುಚ್ಚದ ಸುತ್ತಣ ಮಲೆನಾಡಿನಲ್ಲಿ ಆ ವೇಳೆಗೆ ಕೆಳದಿಯ ನಾಯಕರ ಪ್ರಾಬಲ್ಯ ಬೆಳೆದಿತ್ತು. ಆದುದರಿಂದ ಈ ಬಿರುದನ್ನು ಆಳುವ ನೆಲದ ವಿವರಣೆಯೆಂದು ತಿಳಿಯುವುದು ಸರಿಯಾಗದು; ಅದು ವಂಶದ ಮೂಲಸ್ಥಾನದ ಸ್ಮರಣೆ. ಎಲ್ಲೆಯ ಆಚೆಗೆ ಉಳಿದ ಊರು ಹೀಗೆ ಹೆಸರಿನೊಳಗೆ ಉಳಿದುಕೊಂಡಿತು.

ಇದೇ ಶಾಸನವು ಇಮ್ಮಡಿ ಭೈರವನನ್ನು ಹಿಂದಿನ ಭೈರವರಾಜನ ಸೋದರಿ ಗುಮ್ಮಟಾಂಬೆಯ ಮಗನೆಂದೂ ಬಂಗ ಮನೆತನದ ವೀರನರಸಿಂಹನಿಗೆ ಹುಟ್ಟಿದವನೆಂದೂ ತಿಳಿಸುತ್ತದೆ. ಮಾವನಿಂದ ಅಳಿಯನಿಗೆ ಪಟ್ಟ ಬರುವ ಈ ಕ್ರಮ ತುಳುನಾಡಿನ ಅಳಿಯಸಂತಾನ ಕಟ್ಟಿಗೆ ಹೊಂದುವಂತಹುದು. ೧೪೩೨ರ ಶಾಸನವು ವೀರಪಾಂಡ್ಯನನ್ನು ಭೈರವೇಂದ್ರನ ಪುತ್ರನೆಂದು ಹೇಳಿರುವುದನ್ನು ಇದರೊಂದಿಗೆ ಹೋಲಿಸಬೇಕು. ಒಂದೇ ಮನೆತನದ ದಾಖಲೆಗಳಲ್ಲಿ ತಂದೆಯ ಕಡೆಯಿಂದ ಹೇಳುವ ವಂಶಕ್ರಮವೂ ತಾಯಿಯ ಕಡೆಯಿಂದ ಹೇಳುವ ವಂಶಕ್ರಮವೂ ಕಂಡುಬರುತ್ತವೆ. ಘಟ್ಟದ ಮೇಲಿನಿಂದ ಇಳಿದುಬಂದ ಅರಸುಮನೆತನವೊಂದು ಕೆಳಗಣ ನಾಡಿನ ಬಂಗರೇ ಮೊದಲಾದ ಮನೆತನಗಳೊಡನೆ ಬೆಸೆದುಕೊಂಡು ಆ ನಾಡಿನ ಕಟ್ಟಳೆಯನ್ನು ತನ್ನದಾಗಿಸಿಕೊಂಡ ಬಗೆಯನ್ನು ಈ ಎರಡು ಶಾಸನಗಳ ನಡುವೆ ಓದಬಹುದು. ಧರ್ಮ ಒಂದೇ ಆಗಿ ಉಳಿಯಿತು. ಮನೆಯ ಕಟ್ಟು ನೆಲಕ್ಕೆ ತಕ್ಕಂತೆ ರೂಪುಗೊಂಡಿತು.

ಕಾಪುವಿನ ತಾಮ್ರಶಾಸನ

ಕಾರ್ಕಳದಿಂದ ಪಡುವಣಕ್ಕೆ, ಸಮುದ್ರದ ದಂಡೆಯಲ್ಲಿರುವ ಕಾಪುವಿನ ತಾಮ್ರಶಾಸನ ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯನ್ನು ಹೊರಗೆಡಹುತ್ತದೆ. ಇದು ಕ್ರಿ.ಶ. ೧೫೫೬ರದು. ವಿಜಯನಗರದಲ್ಲಿ ಸದಾಶಿವರಾಯನು ಪಟ್ಟದಲ್ಲಿದ್ದಾಗ, ಕೆಳದಿಯ ಸದಾಶಿವನಾಯಕನು ಬಾರಕೂರು ಮತ್ತು ಮಂಗಳೂರು ರಾಜ್ಯಗಳ ಅಧಿಕಾರ ನಡೆಸುತ್ತಿದ್ದಾಗ, ಕಾಪುವಿನ ಜೈನ ನಾಯಕ ಮದ್ದ ಹೆಗ್ಗಡೆಯು ಅಲ್ಲಿಯ ಧರ್ಮನಾಥ ತೀರ್ಥಂಕರರ ಬಸದಿಗೆ ಭೂಮಿಯನ್ನು ಬಿಟ್ಟನು. ಚಕ್ರವರ್ತಿ ವೈಷ್ಣವ ಪಂಥದ ಕಡೆಗೆ ಒಲಿದವನು, ಪ್ರಾಂತಾಧಿಕಾರಿ ವೀರಶೈವ, ಊರಿನ ಒಡೆಯ ಜೈನ. ಮೂರು ಹಂತಗಳ ಆಡಳಿತದಲ್ಲಿ ಮೂರು ಮತಗಳವರು ಇದ್ದ ಕಾಲವದು.

ಶಾಸನದ ಶಾಪಾಶಯದ ಭಾಗ ಈ ಸ್ಥಿತಿಯನ್ನು ಅರಿತೇ ರಚಿತವಾದಂತಿದೆ. ದಾನವನ್ನು ಕೆಡಿಸಿದವನು ಜೈನನಾದರೆ ಬೆಳುಗುಳದ ಗುಮ್ಮಟನಾಥ, ಕೊಪಣದ ಚಂದ್ರನಾಥ, ಊರ್ಜಯಂತಗಿರಿಯ ನೇಮಿನಾಥರ ಬಿಂಬಗಳನ್ನು ಒಡೆದ ಪಾಪಕ್ಕೆ ಹೋಗುವನೆಂದು ಅದು ಎಚ್ಚರಿಸುತ್ತದೆ. ಶೈವನಾದರೆ ಪರ್ವತ, ಗೋಕರ್ಣಾದಿ ಕ್ಷೇತ್ರಗಳ ಲಿಂಗಗಳನ್ನು ಒಡೆದ ಪಾಪವೂ, ವೈಷ್ಣವನಾದರೆ ತಿರುಮಲೆ ಮೊದಲಾದ ಕ್ಷೇತ್ರಗಳ ವಿಷ್ಣುಮೂರ್ತಿಗಳನ್ನು ಒಡೆದ ಪಾಪವೂ ಪ್ರಾಪ್ತವಾಗುವುದೆಂದು ಹೇಳುತ್ತದೆ. ಬಸದಿಯ ಭೂಮಿ ಮುಂದೆ ಯಾರ ಕೈಗೆ ಬರುವುದೋ ತಿಳಿಯದು. ಆಳುವವನು ಯಾವ ಮತದವನೇ ಆಗಲಿ, ಅವನವನ ಶ್ರದ್ಧೆಯೇ ಬಸದಿಗೆ ಕಾವಲಾಗಬೇಕೆಂಬುದು ಇಲ್ಲಿಯ ಆಶಯ. ರಾಜ್ಯದ ಎಲ್ಲೆ ಸ್ಥಿರವಲ್ಲವೆಂಬ ಅರಿವು ಈ ವಾಕ್ಯಗಳ ಹಿಂದೆ ಸ್ಪಷ್ಟವಾಗಿದೆ.

ಕ್ರಿ.ಶ. ೧೩೬೮ರಲ್ಲಿ ಒಂದನೆಯ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಡಂಬಡಿಕೆ ಶ್ರವಣಬೆಳಗೊಳದ ಶಾಸನದಲ್ಲಿ ದಾಖಲಾಗಿರುವುದು ವಿದ್ವಾಂಸರಿಗೆ ಸುಪರಿಚಿತ. ಅಲ್ಲಿ ಅರಸನು ಎರಡು ಪಂಥಗಳ ನಡುವೆ ನಿಂತು ಸಂಧಾನ ಮಾಡಿದನು. ಕಾಪುವಿನಲ್ಲಿ ಊರಿನ ಹೆಗ್ಗಡೆಯೇ ತನ್ನ ದಾನಪತ್ರದೊಳಗೆ ಆ ಸಂಧಾನವನ್ನು ಅಳವಡಿಸಿಕೊಂಡನು. ಅವನು ಹೆಸರಿಸಿದ ಜೈನ ಕ್ಷೇತ್ರಗಳಲ್ಲಿ ಒಂದೂ ತುಳುನಾಡಿನದಲ್ಲವೆಂಬುದೂ ಗಮನಿಸತಕ್ಕದ್ದು. ಬೆಳುಗುಳ ಮೈಸೂರು ಸೀಮೆಯದು, ಕೊಪಣ ಇಂದಿನ ಕೊಪ್ಪಳ, ಊರ್ಜಯಂತವು ಸೌರಾಷ್ಟ್ರದ ಗಿರಿನಾರ. ಕೆಲವೇ ಮುಡಿ ಗದ್ದೆಯ ಚತುಸ್ಸೀಮೆಯನ್ನು ನಿರ್ಣಯಿಸುವ ಕಾಲದ ಜನ ತಮ್ಮ ಧರ್ಮದ ಸೀಮೆಯನ್ನು ಗುಜರಾತಿನವರೆಗೆ ಎಣಿಸುತ್ತಿದ್ದರು.

೧೭೯೯ರ ಗೆರೆ

ಕ್ರಿ.ಶ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಘಟ್ಟದ ಮೇಲಣ ಮತ್ತು ಕೆಳಗಣ ಕೆಳದಿ ಪ್ರದೇಶಗಳೆರಡೂ ಮೈಸೂರಿಗೆ ಸೇರಿದವು. ಹೀಗಾಗಿ ಆಗಲೂ ಘಟ್ಟವು ಎರಡು ರಾಜ್ಯಗಳ ಗಡಿಯಾಗಲಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಈ ಸ್ಥಿತಿ ಬದಲಾಯಿತು. ಕರಾವಳಿಯ ಕೆನರಾ ಕಂಪೆನಿಯ ವಶವಾಗಿ ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಘಟ್ಟದ ಮೇಲಣ ನಾಡು ಮೈಸೂರಿನ ಒಡೆಯರಿಗೆ ಉಳಿಯಿತು. ಕಾರ್ಕಳ ಒಂದು ಸರಕಾರಕ್ಕೂ ಕಳಸ ಮತ್ತು ಹೊಂಬುಚ್ಚಗಳು ಮತ್ತೊಂದು ಸರಕಾರಕ್ಕೂ ಸೇರಿದವು. ಮುಂದೆ ೧೮೬೦ರ ಸುಮಾರಿಗೆ ಕೆನರಾ ಜಿಲ್ಲೆ ಉತ್ತರ, ದಕ್ಷಿಣ ಎಂದು ಎರಡಾಯಿತು. ೧೮೬೨ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಗಿ, ಕುಂದಾಪುರ, ಉಡುಪಿ, ಕಾರ್ಕಳಗಳು ಮದ್ರಾಸಿನಲ್ಲಿಯೇ ಉಳಿದವು.

ಈ ಗೆರೆ ಬದುಕಿನಲ್ಲಿ ಉಂಟುಮಾಡಿದ ಭೇದಗಳನ್ನು ಅಲ್ಲಗಳೆಯುವಂತಿಲ್ಲ. ಕರಾವಳಿಯ ಜೈನ ಮನೆತನಗಳು ಅನುಸರಿಸುತ್ತಿದ್ದ ಅಳಿಯಸಂತಾನ ಕಟ್ಟನ್ನು ಮದ್ರಾಸಿನ ನ್ಯಾಯಾಲಯಗಳು ತಮ್ಮ ತೀರ್ಪುಗಳ ಮೂಲಕ ಬಿಗಿಗೊಳಿಸಿದವು. ೧೯೪೯ರ ಮದ್ರಾಸು ಅಳಿಯಸಂತಾನ ಕಾಯಿದೆ ಅದಕ್ಕೆ ಶಾಸನರೂಪ ಕೊಟ್ಟಿತು. ಘಟ್ಟದ ಮೇಲೆ ಮೈಸೂರು ಸಂಸ್ಥಾನದಲ್ಲಿದ್ದ ಜೈನರಿಗೆ ಈ ಕಾಯಿದೆಯ ಸಂಬಂಧವೇ ಇರಲಿಲ್ಲ. ಒಂದೇ ಗೊಮ್ಮಟನಿಗೆ ಮಸ್ತಕಾಭಿಷೇಕ ಮಾಡುವ ಎರಡು ಸೀಮೆಗಳ ಶ್ರಾವಕರಲ್ಲಿ ಒಬ್ಬನ ಆಸ್ತಿ ಮಗನಿಗೆ, ಇನ್ನೊಬ್ಬನ ಕುಟುಂಬದ ಆಸ್ತಿ ಸೋದರಿಯ ಸಂತತಿಗೆ ಎಂಬ ವ್ಯತ್ಯಾಸ ಹಿಂದೆಯೂ ಇತ್ತು. ಆದರೆ ಅದು ರೂಢಿಯ ಮಾತಾಗಿದ್ದಾಗ ಮನೆತನಗಳಿಗೆ ಹೊಂದಿಕೆಯ ಅವಕಾಶವಿದ್ದಿತು. ಕಾಯಿದೆಯ ಮಾತಾದಾಗ ಅದು ಎರಡು ಸಮುದಾಯಗಳ ಲಕ್ಷಣವಾಗಿ ಗಟ್ಟಿಗೊಂಡಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರನ್ನೂ ಒಳಗೊಂಡುದರಿಂದ ಈ ಅಂತರ ಮುಂದೆ ಸಡಿಲವಾಗುತ್ತ ಬಂದಿತು.

ದಾಖಲೆಗಳ ಪ್ರಕಟಣೆಯ ಮೇಲೂ ಇದೇ ಗೆರೆ ಅಚ್ಚೊತ್ತಿದೆ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಕಳಸ, ಕೊಪ್ಪಗಳ ಶಾಸನಗಳು ಕಡೂರು ಜಿಲ್ಲೆಯ ಆರನೆಯ ಸಂಪುಟದಲ್ಲಿಯೂ ಹೊಂಬುಚ್ಚದವು ಶಿವಮೊಗ್ಗ ಜಿಲ್ಲೆಯ ಎಂಟನೆಯ ಸಂಪುಟದಲ್ಲಿಯೂ ಬಂದವು. ಮದ್ರಾಸು ಪ್ರಾಂತಕ್ಕೆ ಸೇರಿದ ಕಾರ್ಕಳದ ಶಾಸನಗಳು ‘ಎಪಿಗ್ರಾಫಿಯಾ ಇಂಡಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿಯೂ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಏಳನೆಯ ಸಂಪುಟದಲ್ಲಿಯೂ (೧೯೩೨) ಹಂಚಿಹೋದವು. ಕಾಪುವಿನ ತಾಮ್ರಪಟ ‘ಎಪಿಗ್ರಾಫಿಯಾ ಇಂಡಿಕಾ’ದ ಇಪ್ಪತ್ತನೆಯ ಸಂಪುಟಕ್ಕೆ ಸೇರಿತು. ಅಣ್ಣನ ಶಾಸನವನ್ನು ಒಂದು ಮಾಲೆಯಲ್ಲಿಯೂ ತಂಗಿಯ ಶಾಸನವನ್ನು ಮತ್ತೊಂದು ಮಾಲೆಯಲ್ಲಿಯೂ ಹುಡುಕಬೇಕಾದ ಸ್ಥಿತಿ ಇದರಿಂದ ಒದಗಿತು. ಕಾರ್ಕಳದ ಅರಸರನ್ನು ಕೇವಲ ತುಳುನಾಡಿನ ಪಾಳೆಯಗಾರರೆಂದು ಬರೆಯುವ ಇತಿಹಾಸಗಳಿಗೆ ಈ ವಿಂಗಡಣೆಯೂ ಒಂದು ಕಾರಣವೆಂದು ಊಹಿಸಬಹುದು.

ಗ್ರಂಥಗಳು ನಡೆದ ದಾರಿ

ಶಿಲಾಶಾಸನ ನೆಟ್ಟಲ್ಲಿಯೇ ನಿಲ್ಲುತ್ತದೆ. ಓಲೆಗರಿಯ ಕಟ್ಟು ಜನರೊಂದಿಗೆ ಸಂಚರಿಸುತ್ತದೆ. ಮೂಡಬಿದಿರೆಯಲ್ಲಿ ಸಂರಕ್ಷಿತವಾಗಿರುವ ಧವಲಾ ಟೀಕೆಯ ಪ್ರತಿ ಇದಕ್ಕೆ ಶ್ರೇಷ್ಠ ಉದಾಹರಣೆ. ಪ್ರಾಕೃತ-ಸಂಸ್ಕೃತ ಮಿಶ್ರಭಾಷೆಯ ಈ ಸಿದ್ಧಾಂತಗ್ರಂಥ ಹಳಗನ್ನಡ ಲಿಪಿಯಲ್ಲಿದೆ. ಅದರ ಪ್ರಶಸ್ತಿಯಂತೆ, ಗಂಗ ಮನೆತನದ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕ ಎಂಬ ಶ್ರಾವಕಿಯು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಇದನ್ನು ಬರೆಯಿಸಿ, ಬನ್ನಿಯಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಈ ಶುಭಚಂದ್ರರ ಕಾಲ ಹನ್ನೆರಡನೆಯ ಶತಮಾನದ ಆರಂಭ. ಪ್ರಶಸ್ತಿಯಲ್ಲಿ ಬರುವ ಮಂಡಲಿನಾಡು ಘಟ್ಟದ ಮೇಲಿನದು. ಘಟ್ಟದ ಮೇಲೆ ಲಿಖಿತವಾದ ಗ್ರಂಥ ಕರಾವಳಿಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದಿತು. ೧೯೩೯ರಿಂದ ೧೯೫೮ರವರೆಗೆ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಉತ್ತರ ಭಾರತದಲ್ಲಿ ನಾಗರಿ ಲಿಪಿಯಲ್ಲಿ ಮುದ್ರಿತವಾಯಿತು. ಇದನ್ನು ಕರಾವಳಿಯ ಹಸ್ತಪ್ರತಿಯೆಂದು ಕರೆದರೆ ಅದು ಇರುವ ಸ್ಥಳವನ್ನು ಹೇಳಿದಂತಾಯಿತೇ ಹೊರತು ಹುಟ್ಟಿದ ಸ್ಥಳವನ್ನು ಹೇಳಿದಂತಾಗಲಿಲ್ಲ.

ವಿರುದ್ಧ ದಿಕ್ಕಿನ ಸಂಚಾರಕ್ಕೂ ನಿದರ್ಶನವುಂಟು. ‘ಭರತೇಶವೈಭವ’ದ ಕವಿ ರತ್ನಾಕರವರ್ಣಿ ಮೂಡಬಿದಿರೆಯವನು. ಅವನು ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದನೆಂಬ ಐತಿಹ್ಯವನ್ನು ಬರೆದಿಟ್ಟವನು ಮಲೆಯೂರಿನ ದೇವಚಂದ್ರ. ಅವನ ‘ರಾಜಾವಳೀಕಥೆ’ ಮೈಸೂರಿನ ರಾಜಮನೆತನದ ದೇವಿರಮ್ಮಣ್ಣಿಯ ಅಪೇಕ್ಷೆಯಂತೆ ೧೮೩೮ರಲ್ಲಿ ಸಿದ್ಧವಾಯಿತು. ಕರಾವಳಿಯು ಕಂಪೆನಿಯ ಸೀಮೆಯಾಗಿ ಸುಮಾರು ನಲವತ್ತು ವರುಷಗಳಾದ ಮೇಲೂ ಅಲ್ಲಿಯ ಕವಿಯ ಚರಿತೆಯನ್ನು ಚಾಮರಾಜನಗರ ಸೀಮೆಯ ಜೈನ ಪಂಡಿತನು ತನ್ನ ಪರಂಪರೆಯ ಭಾಗವೆಂದೇ ಬರೆದನು. ಸರಕಾರಗಳ ನಡುವೆ ಬಿದ್ದ ಗೆರೆ ಪಂಡಿತರ ನೆನಪಿನ ನಡುವೆ ಬಿದ್ದಿರಲಿಲ್ಲ.

ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯ ಶೀರ್ಷಿಕೆಯನ್ನೂ ಈ ದೃಷ್ಟಿಯಿಂದ ನೋಡಬೇಕು. ಮೂಡಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳ ಗ್ರಂಥಗಳನ್ನು ಈ ಸೂಚಿ ಪರಿಚಯಿಸುತ್ತದೆ. ೧೯೪೮ರಲ್ಲಿ ಈ ಊರುಗಳೆಲ್ಲ ಮದ್ರಾಸು ಪ್ರಾಂತದಲ್ಲಿದ್ದವು. ಕನ್ನಡ ಪ್ರಾಂತವೆಂಬ ಆಡಳಿತ ವಿಭಾಗ ಎಲ್ಲಿಯೂ ಇರಲಿಲ್ಲ. ಮನೆಮಾತು ತುಳುವಾಗಿರುವ ನಾಡಿನಲ್ಲಿ, ಪ್ರಾಕೃತ, ಸಂಸ್ಕೃತ, ಕನ್ನಡ ಗ್ರಂಥಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕಾಪಾಡಿದ ಭಂಡಾರಗಳಿಗೆ ಆ ಹೆಸರು ಒಪ್ಪಿತು. ಏಕೀಕರಣಕ್ಕೆ ಎಂಟು ವರುಷ ಮೊದಲೇ ಗ್ರಂಥಸೂಚಿಯೊಂದು ಲಿಪಿಯ ಆಧಾರದ ಮೇಲೆ ತನ್ನ ಪ್ರಾಂತವನ್ನು ಗುರುತಿಸಿಕೊಂಡಿತ್ತು.

ಇತ್ತೀಚಿನ ಎಲ್ಲೆಗಳು

೧೯೫೬ನೆಯ ನವೆಂಬರ್ ೧ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಳಸ, ಹೊಂಬುಚ್ಚ, ಕಾರ್ಕಳಗಳು ೧೫೭ ವರುಷಗಳ ಬಳಿಕ ಮತ್ತೆ ಒಂದೇ ಸರಕಾರದ ಅಡಿಗೆ ಬಂದವು. ಅದೇ ದಿನ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಚತುರ್ಮುಖ ಬಸದಿಯಿರುವ ಬಂಗ್ರ ಮಂಜೇಶ್ವರವೂ ಅದರೊಂದಿಗೆ ಹೊರಗಾಯಿತು. ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಮಾಡಿದ ಶಿಫಾರಸು ಕಾರ್ಯಗತವಾಗಲಿಲ್ಲ. ಜೈನ ಇತಿಹಾಸದ ವಿಷಯದಲ್ಲಿಯೂ ಗಂಭೀರ ಸಂಶೋಧನೆ ನಡೆಸಿದ ಮಂಜೇಶ್ವರದ ಗೋವಿಂದ ಪೈಗಳು (೧೮೮೩-೧೯೬೩) ತಮ್ಮ ಕೊನೆಯ ವರುಷಗಳನ್ನು ಕೇರಳ ರಾಜ್ಯದಲ್ಲಿಯೇ ಕಳೆದರು. ಅವರ ಗ್ರಂಥಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ಮನೆ ಗಡಿಯ ಆಚೆ ಉಳಿದು ಪುಸ್ತಕಗಳು ಈಚೆ ಬಂದ ಈ ಪ್ರಸಂಗ ಹಳೆಯ ಓಲೆಗರಿಗಳ ಸಂಚಾರವನ್ನು ಹೋಲುತ್ತದೆ.

೧೯೯೭ನೆಯ ಆಗಸ್ಟ್ ೨೫ರಂದು ಉಡುಪಿ, ಕಾರ್ಕಳ, ಕುಂದಾಪುರ ತಾಲ್ಲೂಕುಗಳು ಸೇರಿ ಉಡುಪಿ ಜಿಲ್ಲೆಯಾಯಿತು. ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಗುವ ಕಾಲಕ್ಕೆ ಬರಿಯ ಮುರಕಲ್ಲಿನ ಗುಡ್ಡವಾಗಿದ್ದ ಮಣಿಪಾಲದಲ್ಲಿ ಈಗ ಜಿಲ್ಲಾಡಳಿತದ ಕಚೇರಿಗಳ ಸಮುಚ್ಚಯ ರಜತಾದ್ರಿ ಇದೆ. ಯಾವ ಹಳೆಯ ಶಾಸನದಲ್ಲಿಯೂ ಕೇಂದ್ರವಾಗಿ ಕಾಣದ ಊರೊಂದು ಕಾರ್ಕಳ, ಕಾಪುಗಳ ಭೂದಾಖಲೆಗಳಿಗೆ ಕೇಂದ್ರವಾಯಿತು. ಅದುವರೆಗೆ ಕಾರ್ಕಳ ತಾಲ್ಲೂಕಿಗೆ ಸೇರಿದ್ದ ಮೂಡಬಿದಿರೆ ಈ ವಿಭಜನೆಯಲ್ಲಿ ದಕ್ಷಿಣ ಕನ್ನಡದಲ್ಲಿಯೇ ಉಳಿಯಿತು. ಪರಸ್ಪರ ಸುಮಾರು ೧೮ ಕಿಲೋಮೀಟರ್ ದೂರವಿರುವ ಎರಡು ಜೈನ ಮಠಗಳು, ಒಂದೇ ಗ್ರಂಥಸೂಚಿಯಲ್ಲಿ ಸೇರಿದ ಎರಡು ಭಂಡಾರಗಳು, ಬೇರೆ ಬೇರೆ ಜಿಲ್ಲೆಗಳಿಗೆ ಸೇರಿದವು. ೨೦೧೮ರಲ್ಲಿ ಕಾಪುವೂ ಹೆಬ್ರಿಯೂ ಪ್ರತ್ಯೇಕ ತಾಲ್ಲೂಕುಗಳಾದವು. ಇತ್ತ ಕಾರ್ಕಳ ಸೀಮೆಯ ವರಂಗದ ಮಠವಾದರೋ ಘಟ್ಟದ ಮೇಲಣ ಹೊಂಬುಜ ಮಠದ ಆಶ್ರಯದಲ್ಲಿಯೇ ನಡೆದುಬಂದಿದೆ. ಸಾಂತರರ ಕಾಲದ ನಂಟು ಜಿಲ್ಲೆಗಳ ನಕ್ಷೆಯನ್ನು ಕೇಳಿ ಉಳಿದುದಲ್ಲ.

ಹಸ್ತಪ್ರತಿ ಅಧ್ಯಯನಕ್ಕೆ ಇದರ ಪ್ರಯೋಜನ

ಮೇಲಿನ ಸಂಗತಿಗಳಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಎಲ್ಲೆಗಳು ಸಮುದಾಯವನ್ನು ನಿಜವಾಗಿಯೂ ರೂಪಿಸಿವೆ. ಉತ್ತರಾಧಿಕಾರದ ಕಟ್ಟು, ನ್ಯಾಯಾಲಯದ ತೀರ್ಪು, ಶಾಸನಸಂಪುಟಗಳ ವಿಂಗಡಣೆ ಇವೆಲ್ಲ ಅದಕ್ಕೆ ಸಾಕ್ಷಿ. ಆದರೆ ಸಮುದಾಯವು ತನ್ನನ್ನು ಅರಿತುಕೊಂಡ ಬಗೆ ಆ ಎಲ್ಲೆಗಳಿಂದ ಹುಟ್ಟಿದುದಲ್ಲ. ಪೊಂಬುಚ್ಚದ ಬಿರುದು, ಪನಸೋಗೆಯ ಗುರುಕುಲ, ಊರ್ಜಯಂತದ ಆಣೆ ಇವು ಕಾರ್ಕಳ ಮತ್ತು ಕಾಪುವಿನ ಜೈನರ ನಿಜವಾದ ಭೂಗೋಳ.

ಆದುದರಿಂದ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳಲ್ಲಿ ಜಿಲ್ಲೆಯ ಹೆಸರೊಂದನ್ನೇ ಕೊಟ್ಟು ತೃಪ್ತಿಪಡುವುದು ಸಾಲದು. ಪ್ರತಿಯು ಈಗ ಇರುವ ಸ್ಥಳವನ್ನೂ ಬರೆಯಲ್ಪಟ್ಟ ಸ್ಥಳವನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು. ಬರೆಯಲ್ಪಟ್ಟ ಸ್ಥಳವನ್ನು ಪ್ರಶಸ್ತಿಯ ಮಾತಿನಲ್ಲಿಯೇ ಉಳಿಸಿಕೊಳ್ಳಬೇಕು. ಲಿಪಿಕಾರನ, ಬರೆಯಿಸಿದವರ ಮತ್ತು ಅವರ ಗುರುಗಳ ಗಣಗಚ್ಛಗಳನ್ನು ದಾಖಲಿಸಬೇಕು. ಜಿಲ್ಲೆ, ತಾಲ್ಲೂಕುಗಳ ಹೆಸರನ್ನು ಕೊಡುವಾಗ ಯಾವ ವರುಷದ ವಿಭಾಗವೆಂಬುದನ್ನೂ ಸೂಚಿಸಬೇಕು. ೧೯೪೮ರ ಸೂಚಿಯಲ್ಲಿ ದಕ್ಷಿಣ ಕನ್ನಡದ್ದೆಂದು ಕಾಣುವ ಕಾರ್ಕಳದ ಪ್ರತಿ ಇಂದಿನ ಓದುಗನಿಗೆ ಉಡುಪಿ ಜಿಲ್ಲೆಯದು. ಹೊಂಬುಚ್ಚ, ಕಳಸ, ವರಂಗ, ಕಾರ್ಕಳ, ಮೂಡಬಿದಿರೆಗಳ ಶಾಸನ ಮತ್ತು ಪ್ರಶಸ್ತಿಗಳನ್ನು ಗುರುಪರಂಪರೆಯ ಕ್ರಮದಲ್ಲಿ ಒಟ್ಟುಗೂಡಿಸಿದ ಸೂಚಿಯೊಂದು ಸಿದ್ಧವಾದರೆ, ಕಡೂರು, ಶಿವಮೊಗ್ಗ, ದಕ್ಷಿಣ ಕನ್ನ​ಡ ಎಂಬ ಹೆಸರುಗಳ ಕೆಳಗೆ ಚದುರಿರುವ ಒಂದೇ ಮನೆತನದ ಚರಿತ್ರೆ ಮತ್ತೆ ಒಂದಾಗಿ ಕಾಣುವುದು. ಪ್ರತಿ ಮಳೆಗಾಲವೂ ಓಲೆಗರಿಯ ಅಂಚನ್ನು ಸವೆಸುತ್ತದೆ. ಪ್ರಶಸ್ತಿಗಳು ಸಾಮಾನ್ಯವಾಗಿ ಇರುವುದು ಕಟ್ಟಿನ ಕೊನೆಯ ಗರಿಯಲ್ಲಿ, ಮೊದಲು ಕೆಡುವುದೂ ಆ ಹೊರಗರಿಯೇ. ಆ ಗರಿ ಹೋದರೆ ಗ್ರಂಥವು ಉಳಿದರೂ ಅದು ಯಾವ ನಾಡಿನಿಂದ, ಯಾರ ಕೈಯಿಂದ, ಯಾವ ಗುರುವಿಗಾಗಿ ಬಂದಿತೆಂಬುದು ಅಳಿಸಿಹೋಗುತ್ತದೆ. ಆದುದರಿಂದ ಭಂಡಾರಗಳಲ್ಲಿ ಪ್ರಶಸ್ತಿಯ ಗರಿಗಳ ಪ್ರತಿಲಿಪಿ ಮತ್ತು ಛಾಯಾಚಿತ್ರಗಳನ್ನು ಸಿದ್ಧಪಡಿಸುವ ಕಾರ್ಯಕ್ಕೆ ವಿದ್ವಾಂಸರೂ ಮಠಗಳೂ ಮೊದಲ ಸ್ಥಾನ ನೀಡುವುದು ಅವಶ್ಯ.